ಹಲಗೆಗೆ ಆರು, ಹೆಂಡತಿಗೆ ನಾಲ್ಕು

ಸೋಮವಾರ
ಫ್ಯಾಕ್ಟರಿಯ ಊಟದ ಬಿಡುವು

ನನ್ನ ಮೊಂಡುಗಂಡನಿಗೆ,

ಬೆಳಿಗ್ಗೆ ನಿನ್ನ ಅಕ್ಕ ಗೇಟಿನ ಹತ್ತಿರ ಬಂದು ನಿನ್ನ ಮಾತು ಮುಟ್ಟಿಸಿದರು. ಗುರುವಾರ ಆಸ್ಪತ್ರೆಯ ಫಿಸಿಯೋ ಮತ್ತೆ ನಮ್ಮ ಮನೆಗೆ ಬಂದು, ನಿನ್ನಷ್ಟಕ್ಕೆ ನೀನು ಎಷ್ಟು ಮಾಡಬಲ್ಲೆ ಅಂತ ಅಳೆಯುತ್ತಾಳಂತೆ, ಆಗ ನಾನು ಆ ಕೋಣೆಯಲ್ಲಿ ಇರಕೂಡದಂತೆ. ಇಷ್ಟು ಹೇಳುವುದಕ್ಕೆ ಒಂದು ತಿಂಗಳು ಮುನಿಸಿಕೊಂಡು ಅಕ್ಕನ ಮನೆಯಲ್ಲಿ ಕೂತು ಯೋಚಿಸಿದೆಯಾ? ‘ಅವನಿಗೂ ಬೇಜಾರಾಗಿದೆ ಕಣಮ್ಮ, ನೀನೇ ಸ್ವಲ್ಪ ತಗ್ಗು’ ಅಂದರು. ತಗ್ಗುವ ಜಾಯಮಾನ ನನ್ನದಲ್ಲ ಅಂತ ಅವರಿಗೂ ಗೊತ್ತು, ಪಾಪ.

ಹೌದು, ಕಳೆದ ಸಲ ಕೈ ಹಾಕಿ ಕೆಡಿಸಿದವಳು ನಾನೇ. ನೀನು ಮಂಚಕ್ಕೂ ಗಾಲಿಕುರ್ಚಿಗೂ ನಡುವೆ ಹಲಗೆ ಇಟ್ಟುಕೊಂಡು, ಮುಂದಕ್ಕೆ ಬಾಗಿ, ಅಂಗೈ ಊರಿ ಜಾರುತ್ತಿದ್ದೆ. ಅರ್ಧ ದಾಟಿದ್ದೆ. ನಾನು ತೊಡೆಯ ಕೆಳಗೆ ಕೈ ಕೊಟ್ಟುಬಿಟ್ಟೆ. ಆ ಫಿಸಿಯೋ ಹುಡುಗಿ ಪೆನ್ನು ಎತ್ತಿ ಹಿಡಿದು, ‘ಅಯ್ಯೋ ಅಕ್ಕಾ, ಈಗ ನಾಲ್ಕೇ ಹಾಕ್ಬೇಕಾಗುತ್ತಲ್ಲ’ ಎಂದಳು. ಯಾರೂ ಮುಟ್ಟದೆ ಹಲಗೆಯ ಮೇಲೆ ದಾಟಿದ್ದರೆ ಏಳಕ್ಕೆ ಆರು ಅಂಕ. ಆ ಆರು ಬರಲಿಲ್ಲವೆಂದು ನಿನ್ನ ಕಂಪನಿಯವರು ಕೊಡುತ್ತೇವೆಂದಿದ್ದ ಗೋದಾಮಿನ ಕೆಲಸ ತಡೆದರು. ಬೀಳುತ್ತೀಯೆಂದು ಹೆದರಿ ನಾನು ಹಿಡಿದೆ ಅಂತ ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಸುಳ್ಳು. ನೀನು ಬೀಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಹಿಡಿದೆ.

ಹೊಟ್ಟೆಕಿಚ್ಚು ಕಣೋ. ಬರೆದೇಬಿಡುತ್ತೇನೆ. ಮೊದಮೊದಲು ಆ ಹುಡುಗಿಯ ಮೇಲೆ ಅಂದುಕೊಂಡಿದ್ದೆ. ಅವಳು ‘ಶಭಾಷ್ ಅಣ್ಣಾ’ ಅಂದರೆ ನಿನ್ನ ಮುಖ ಊರಗಲ ಅರಳುತ್ತದೆ. ನಿನ್ನ ಬೆನ್ನುಮೂಳೆ ಮುರಿದ ದಿನದಿಂದ ಮೂತ್ರದ ನಳಿಗೆ ಹಾಕಿ ತೆಗೆದ ನನಗೆ ಮಾತ್ರ ‘ಬೇಗ ಮುಗಿಸೇ’ ಎಂಬ ಗೊಣಗಾಟ. ಆದರೂ ಬಾಯ್ತುಂಬ ಅಣ್ಣ ಅನ್ನುವವಳ ಮೇಲೆ ಎಷ್ಟು ದಿನ ಉರಿಯಲಿ? ನಿಜವಾಗಿ ಉರಿದದ್ದು ಆ ಹಲಗೆಯ ಮೇಲೆ. ಬಡಗಿ ಉಜ್ಜಿ ಕೊಟ್ಟ ಮರದ ತುಂಡು ನಿನ್ನನ್ನು ಹೊತ್ತರೆ ನೀನು ಸ್ವತಂತ್ರ, ನಾನು ಹೊತ್ತರೆ ಪರಾಧೀನ! ನಿನ್ನ ಮೈಮೇಲೆ ಒಂದು ಹುಣ್ಣು ಏಳದ ಹಾಗೆ ನೋಡಿಕೊಂಡವಳು ಆ ಅಳತೆಯ ಕಾಗದದಲ್ಲಿ ಎಲ್ಲಿದ್ದಾಳೆ? ನಿನ್ನ ಕೊರತೆಯಾಗಿ ಇದ್ದಾಳೆ. ನೀನು ಒಂದು ಅಂಕ ಏರಿದಾಗಲೆಲ್ಲ ನಾನು ಒಂದು ಮೆಟ್ಟಿಲು ಇಳಿದೆ. ಅಂಗಿ ನೀನೇ ತೊಟ್ಟುಕೊಂಡೆ. ಆಮೇಲೆ ಮಗ್ಗುಲೂ ನೀನೇ ಹೊರಳಿದೆ. ನಿನ್ನನ್ನು ಹೊರಳಿಸಲು ಅಲಾರಾಂ ಇಡುವುದು ತಪ್ಪಿದ ಮೊದಲ ರಾತ್ರಿ ನಾನು ಗಡದ್ದಾಗಿ ಮಲಗಬೇಕಿತ್ತು. ಕಣ್ಣು ಮುಚ್ಚಲಿಲ್ಲ.

ಸೊಂಟಕ್ಕೆ ಬೆಲ್ಟ್ ಕೊಡದೆ ನಿನ್ನನ್ನು ಅಷ್ಟೆತ್ತರದ ಸಾರುವೆ ಹತ್ತಿಸಿದ ಕಂಪನಿ, ಈಗ ನೀನು ಕುರ್ಚಿಗೆ ಜಾರುವುದನ್ನು ಅಳೆಸಿ ನೋಡುತ್ತದೆ. ಬಿದ್ದವನಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ಬೀಳಿಸಿದವನಿಗೆ ಅಂಕ ಹಾಕುವ ಹುಡುಗಿ ಇನ್ನೂ ಹುಟ್ಟಿಲ್ಲ! ಕಂಪನಿಯ ಗೇಟಿನ ಮುಂದೆ ಬಾವುಟ ಹಿಡಿದು ನಾವಿಬ್ಬರೂ ಸೇರಿ ಅವರನ್ನು ಬೈಯಬೇಕಾದ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಕೂತಿದ್ದೇವೆ.

ಆ ಕೆಲಸ ನಿನಗೆ ಸಿಗಲೇಬೇಕು. ಅದು ನಿನ್ನ ಹಕ್ಕು. ಗುರುವಾರ ನಾನು ಕೋಣೆಯಲ್ಲೂ ಇರುವುದಿಲ್ಲ, ಮನೆಯಲ್ಲೂ ಇರುವುದಿಲ್ಲ. ಇನ್ನೊಂದು ಬೀಗದ ಕೈ ಅಕ್ಕನ ಹತ್ತಿರ ಕೊಟ್ಟಿದ್ದೇನೆ. ಮಂಚ ಅಲುಗಾಡದಂತೆ ಅದರ ಕಾಲಿಗೆ ಇಟ್ಟಿಗೆ ಕೊಟ್ಟಿರುತ್ತೇನೆ. ಹೋಗಿ ಆರು ತಗೋ. ಆಮೇಲೆ ಒಂದು ಮಾತು ಹೇಳು: ಎತ್ತಿ ಕೂರಿಸುವವರು ಬೇಡವಾದ ಮೇಲೂ ನಾನು ಬೇಕಾ? ಇದಕ್ಕೆ ಉತ್ತರ ಅಕ್ಕನ ಕೈಯಲ್ಲಿ ಕಳಿಸಬೇಡ.

ಇಂತಿ,
ನಿನ್ನ ಜಗಳಗಂಟಿ

ತಾ.ಕ.: ಪಕ್ಕದಲ್ಲಿ ಸುಮ್ಮನೆ ನಿಂತು ಕಾಯ್ದರೂ ಅಂಕ ಇಳಿಸುತ್ತಾರಂತೆ, ವಾರ್ಡಿನ ಆಯಾ ಹೇಳಿದಳು. ಎದುರಿನ ಟೈಲರ್ ಅಂಗಡಿಯ ಮಹಡಿಯಿಂದ ನಮ್ಮ ಮಂಚ ನೇರವಾಗಿ ಕಾಣುತ್ತದೆ. ಗುರುವಾರ ರಜೆ ಹಾಕಿದ್ದೇನೆ. ಕಿಟಕಿಯ ಪರದೆ ಎಳೆಯಬೇಡ. ಎಳೆಯಲೇಬೇಕೆಂದಿದ್ದರೆ ನೀನೇ ಎಳೆ, ಆ ಹುಡುಗಿಯ ಕೈಯಲ್ಲಿ ಎಳೆಸಬೇಡ.