ನಿನ್ನ ಪಾಲಿನ ಅರ್ಧ

ನೀಲಾ,

ಇವತ್ತು ತುಕ್ಕಾನಟ್ಟಿಯಿಂದ ಬಸ್ಸು ಹತ್ತಿ ಗೋಕಾಕಿಗೆ ಹೋಗಿದ್ದೆ. ಕೂತ ಕೂಡಲೇ ಬಾಜೂಕ್ಕೆ ಚೀಲ ಇಟ್ಟು ನಿನ್ನ ಜಾಗ ಹಿಡಿದೆ, ಹಳೇ ಚಟ. ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಮಂಡಳಿಯಿಂದ ನಿವೃತ್ತರಾದವರ ಸಭೆಯಿತ್ತು. ಪಿಂಚಣಿ ನಿಧಿ ಬರಿದಾಗುತ್ತಿದೆಯಂತೆ. ಹೊಸಬರೆಲ್ಲ ಗುತ್ತಿಗೆಯವರು, ನಿಧಿಗೆ ತುಂಬುವವರಿಲ್ಲ. ಉಣ್ಣುವವರು ಮಾತ್ರ ನಾವು ಇಷ್ಟು ಜನ. ಇದಕ್ಕೆ ಕಾಲೇಜಿನಲ್ಲಿ ಡೆಫಿಸಿಟ್ ಅಂತಲೋ ಡಿಫೆಕ್ಟ್ ಅಂತಲೋ ಕಲಿಸಿದ್ದರು.

ಈಗ ಎಲ್ಲರ ಪಿಂಚಣಿಯನ್ನೂ ಸ್ವಲ್ಪ ಇಳಿಸಬೇಕು, ಇಲ್ಲವೇ ಗಂಡ ಸತ್ತ ಮೇಲೆ ಹೆಂಡತಿಗೆ ಬರುವ ಅರ್ಧವನ್ನು ನಿಲ್ಲಿಸಬೇಕು. ಯಾವುದು ಬೇಕೆಂದು ಕೈ ಎತ್ತಲು ಹೇಳಿದರು.

ಹತ್ತರಗಿಯ ಗುರುಪಾದ ಮೊಣಕೈಯಿಂದ ತಿವಿದ. "ನಿನಗೇನ್ ಚಿಂತಿಲೇ? ನೀಲವ್ವ ಮೊದಲ ಹೋಗ್ಯಾಳ. ಅರ್ಧ ನಿಂದರಸ್ರಿ ಅನ್ನು, ನಿಂದು ಪೂರಾ ಉಳಿತೈತಿ."

"ಮತ್ತ ನಿನ್ನ ಹೇಣ್ತಿ?"

"ಆಕಿಗೆ ಮಗ ಅದಾನಲ್ಲ."

"ಆಕಿನ್ನ ಕೇಳಿ ಬಂದೀಯೇನ?"



ನನಗೆ ನಮ್ಮ ಜೋಡಿ ಫೋಟೋ ನೆನಪಾಯಿತು. ಪಿಂಚಣಿ ಕಾಗದಕ್ಕೆ ಬೇಕೆಂದು ನಿನ್ನನ್ನು ಸ್ಟುಡಿಯೋಗೆ ಕರೆದೊಯ್ದಿದ್ದೆ. "ಮದಿವ್ಯಾಗ ತಗಸಲಿಲ್ಲ, ಈಗ್ಯಾಕ್ರಿ?" ಅಂತ ನೀನು ಅಂದಿದ್ದೆ. ನಾನು ಹೋದ ಮೇಲೆ ನಿನಗೆ ಅರ್ಧ ಬರಬೇಕಲ್ಲ ಅಂದೆ. ನೀನು ಸೆರಗಿನಿಂದ ನನ್ನ ಹೆಗಲಿನ ಧೂಳು ಒರೆಸಿ, ಬಾಜೂಕ್ಕೆ ಕೂತೆ. ನಾವಿಬ್ಬರೂ ಇರುವ ಫೋಟೋ ಅದೊಂದೇ.

ಎಲ್ಲರ ಜೊತೆ ನನ್ನದನ್ನೂ ಇಳಿಸಿರೆಂದು ಕೈ ಎತ್ತಿದೆ. ಸ್ವಲ್ಪ ತಡೆದು ಗುರುಪಾದನೂ ಎತ್ತಿದ. ಎಣಿಸಿದಾಗ ನಮ್ಮ ಕಡೆಯ ಕೈಗಳೇ ಹೆಚ್ಚಿದ್ದವು; ಹೆಂಡತಿಯರ ಅರ್ಧ ಉಳಿಯಿತು.

ಮುಂದಿನ ತಿಂಗಳಿಂದ ನನಗೆ ಕಡಿಮೆ ಬರುತ್ತದೆ. ಬೈಯಬೇಡ. ನಿನಗೆಂದು ನಾನು ಮಾಡಿಟ್ಟದ್ದು ಅದೊಂದೇ. ಅದನ್ನು ನಾನೇ ಹೇಗೆ ಬೇಡವೆನ್ನಲಿ?

ಬರುವಾಗ ಬಸ್ಸು ತುಂಬಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಮುದುಕಿಗೆ ನಿನ್ನ ಜಾಗ ಕೊಟ್ಟೆ.

ನಿನ್ನ,
ಸೋಮಲಿಂಗ