ಸಭೆ ನಕ್ಕ ಪ್ರಶ್ನೆ

ಹೊಳಲು
ಭಾನುವಾರ

ರಘುನಂದನ್ ಮೇಷ್ಟ್ರಿಗೆ ಪುಷ್ಪಾ ಮಾಡುವ ನಮಸ್ಕಾರ.

ನಮ್ಮೂರ ಲೈಬ್ರರಿಯಲ್ಲಿ ನೀವು ವಿಶ್ವದ ಆಯಾಮಗಳ ಬಗ್ಗೆ ಹೇಳುವಾಗ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ನಾನು. ಹಾಳೆಯ ಮೇಲಿನ ಇರುವೆಗೆ ಉದ್ದ ಅಗಲ ಮಾತ್ರ ಗೊತ್ತು, ಮೇಲಿನಿಂದ ಬಗ್ಗಿ ನೋಡುವ ನಾವು ಅದಕ್ಕೆ ಕಾಣುವುದೇ ಇಲ್ಲ ಅಂದಿರಿ. ಎಲ್ಲರೂ ಎದ್ದುಹೋದ ಮೇಲೆ ನಾನೊಂದು ಪ್ರಶ್ನೆ ಕೇಳಿದೆ. ನಮಗೂ ಕಾಣದ ಆಯಾಮವೊಂದಿದ್ದರೆ, ತೀರಿಹೋದ ನಮ್ಮ ಯಜಮಾನರು ಅಲ್ಲಿ, ನಮ್ಮ ಪಕ್ಕದಲ್ಲೇ ಇರಬಹುದೇ ಎಂದು. ನೀವು ನಗಲಿಲ್ಲ. "ಒಳ್ಳೆ ಪ್ರಶ್ನೆ ಕಣಮ್ಮ, ಯೋಚ್ನೆ ಮಾಡಿ ಹೇಳ್ತೀನಿ" ಅಂದಿರಿ.

ಮೊನ್ನೆ ಮಂಡ್ಯದಲ್ಲಿ ನಿಮ್ಮ ಉಪನ್ಯಾಸವಿದೆಯೆಂದು ಮಗಳು ದೀಪಿಕಳನ್ನೂ ಕರೆದುಕೊಂಡು ಬಂದಿದ್ದೆ. ಹಿಂದಿನ ಸಾಲಿನಲ್ಲಿದ್ದೆವು, ನೀವು ನೋಡಲಿಲ್ಲ. ಹಳ್ಳಿಯ ಹೆಂಗಸೊಬ್ಬಳು ಹೀಗೆ ಕೇಳಿದಳೆಂದು ಮೈಕಿನಲ್ಲಿ ದನಿ ಬದಲಿಸಿ, "ಸತ್ತೋದ ನಮ್ಮೆಜಮಾನ್ರು ನಾಕನೇ ಆಯಾಮ್ದಲ್ಲಿ ಕುಂತವ್ರಾ ಸಾ? ಊಟ ಕೊಟ್ ಕಳಿಸ್ಲಾ?" ಅಂದಿರಿ. ಸಭೆಯೆಲ್ಲ ನಕ್ಕಿತು. ಊಟದ ಮಾತನ್ನು ನಾನು ಆಡಿರಲಿಲ್ಲ ಸಾರ್.

ದೀಪಿಕಳೂ ನಕ್ಕಳು. ಅದು ತನ್ನ ಅಪ್ಪನ ವಿಷಯವೆಂದು ಅವಳಿಗೇನು ಗೊತ್ತು? "ಯಾರವ್ವಾ ಆ ಪೆದ್ದಿ?" ಎಂದು ಬಸ್ಸಿನಲ್ಲಿ ಕೇಳಿದಳು. "ಯಾರೋ ಕಣಮ್ಮ" ಅಂದೆ.

ಜೂನ್‌ನಲ್ಲಿ ಅವಳು ನಿಮ್ಮ ಕಾಲೇಜಿಗೇ ಸೇರುತ್ತಾಳೆ. ಫಿಸಿಕ್ಸೇ ಬೇಕಂತೆ. ಆ ಹೆಂಗಸು ನಾನೆಂದು ದಯವಿಟ್ಟು ಅವಳಿಗೆ ಹೇಳಬೇಡಿ. ನನಗಿನ್ನು ಉತ್ತರ ಬೇಡ. ಅವಳು ಏನಾದರೂ ಕೇಳಿದರೆ ಮಾತ್ರ, ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಅವಳೆದುರಿಗೇ ಹೇಳಿ.

ನಿಮ್ಮನ್ನು ನಂಬಿ ಕೇಳಿದವಳು,
ಪುಷ್ಪಾ