ಹನ್ನೊಂದು ತರಕಾರಿ ಕಲಿಸಿಕೊಟ್ಟ ಹುಡುಗಿಯ ಬಗ್ಗೆ

ಮಾನ್ಯ ಆಟಗಾರರ ಅಭಿವೃದ್ಧಿ ನಿರ್ದೇಶಕರೇ,

ನಿಮ್ಮ ರಗ್ಬಿ ಕ್ಲಬ್ಬಿನ ಹದಿನೆಂಟು ವರ್ಷದೊಳಗಿನ ಹುಡುಗಿಯರ ತಂಡದಿಂದ ನನ್ನ ಮಗಳು ಚೈತನ್ಯಾಳನ್ನು ತೆಗೆದುಹಾಕಿದ್ದೀರಿ. ಆರು ವರ್ಷ ಆಡಿದವಳಿಗೆ ಕಾರಣವೆಂದು ಒಂದು ವಾಕ್ಯವನ್ನೂ ಬರೆಯಲಿಲ್ಲ. ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಕ್ವಾಲಾಲಂಪುರದ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕಳಿಸಿದ್ದೇನೆ. ನೀವು ನಿಮ್ಮ ತತ್ವಗಳನ್ನು ಸಾರಿದ್ದೂ ಈ ಪತ್ರಿಕೆಯಲ್ಲೇ ಅಲ್ಲವೇ?

ಐರ್ಲೆಂಡಿನಲ್ಲಿ ವೈದ್ಯಕೀಯ ಓದುವಾಗ ಕಂಡ ರಗ್ಬಿಯ ಬಗ್ಗೆ ನೀವು ಮೂರು ಕಂತು ಬರೆದಿರಿ. ಲೆನ್‌ಸ್ಟರ್, ಮನ್‌ಸ್ಟರ್, ಅಲ್ಸ್‌ಟರ್, ಕಾನಾಟ್ ಎಂಬ ನಾಲ್ಕು ಪ್ರಾಂತ್ಯಗಳು ಶಾಲೆಯ ಅಂಗಳದಿಂದ ಮಕ್ಕಳನ್ನು ಆರಿಸಿ, ಅಕಾಡೆಮಿಯಲ್ಲಿ ಪಳಗಿಸಿ, ಹಿರಿಯರ ತಂಡಕ್ಕೆ ಮುಟ್ಟಿಸುವ ಬಗೆಯನ್ನು ಭಕ್ತಿಯಿಂದ ವರ್ಣಿಸಿದಿರಿ. ಎರಡನೆಯ ಕಂತಿನಲ್ಲಿ ಒಂದು ಒಳ್ಳೆಯ ವಾಕ್ಯವೂ ಇತ್ತು: ‘ಹೊರಗಿನ ಆಟಗಾರ ಬರುವುದು ಊರಿನ ಮಗುವಿಗೆ ಕಲಿಸಲು, ಅದರ ಜಾಗದಲ್ಲಿ ಕೂರಲು ಅಲ್ಲ.’ ನಾನು ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೆ. ಆ ಗೆರೆಯನ್ನು ಇನ್ನೂ ಅಳಿಸಿಲ್ಲ.

ಈಗ ನಡೆದದ್ದನ್ನು ಕೇಳಿ. ರಗ್ಬಿಯಲ್ಲಿ ಚೆಂಡು ಗೆರೆ ದಾಟಿ ಹೊರಹೋದಾಗ ಎರಡು ತಂಡದವರೂ ಅಕ್ಕಪಕ್ಕ ಸಾಲುಗಟ್ಟಿ ನಿಲ್ಲುತ್ತಾರೆ. ಒಬ್ಬಳು ಹೊರಗಿನಿಂದ ಚೆಂಡನ್ನು ನಡುವೆ ಎಸೆಯುತ್ತಾಳೆ. ಅದು ಯಾರ ತಲೆಯ ಮೇಲೆ ಬರುತ್ತದೆಂದು ತನ್ನವರಿಗೆ ಮಾತ್ರ ತಿಳಿಯುವ ಹಾಗೆ ಗುಪ್ತಪದವೊಂದನ್ನು ಕೂಗುತ್ತಾಳೆ. ನಿಮ್ಮ ತಂಡದಲ್ಲಿ ಹಾಗೆ ಎಸೆಯುತ್ತಿದ್ದವಳು ಚೈತನ್ಯಾ. ಇಂಗ್ಲಿಷ್, ಮಲಾಯ್, ತಮಿಳು, ಕ್ಯಾಂಟೊನೀಸ್, ಯಾವುದರಲ್ಲಿ ಕೂಗಿದರೂ ಎದುರು ತಂಡದಲ್ಲಿ ಯಾರಿಗಾದರೂ ಅರ್ಥವಾಗಿಬಿಡುತ್ತಿತ್ತು. ಮೂರು ವರ್ಷದ ಹಿಂದೆ ನಮ್ಮ ಅತ್ತೆ ವಾರಿಜಾಕ್ಷಿಯವರು ಮೈಸೂರಿನಿಂದ ಬಂದಿದ್ದಾಗ ಇಲ್ಲಿನ ಭಾರತೀಯ ಪೇಟೆ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ನಿಂತು ತರಕಾರಿ ಪಟ್ಟಿ ಓದಿದರು. ಬದನೆ, ನುಗ್ಗೆ, ಹೀರೆ, ಪಡವಲ. ಆ ಕನ್ನಡದ ಹೆಸರುಗಳು ಒಂದೂ ತಿಳಿಯದೆ ಅಂಗಡಿಯವರು ಕೈ ಸನ್ನೆಯಲ್ಲಿ ಕೇಳುವಂತಾಯಿತು. ಮೊಮ್ಮಗಳು ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಮುಂದಿನ ವಾರದಿಂದ ನಿಮ್ಮ ತಂಡ ಹನ್ನೊಂದು ತರಕಾರಿಗಳಲ್ಲಿ ಆಡತೊಡಗಿತು. ಹಿಜಾಬು ತೊಟ್ಟ ಹುಡುಗಿಯರು, ಚೀನೀ ಹುಡುಗಿಯರು ಪಡವಲವನ್ನು ‘ಪದವಲ’ ಎಂದರೂ ಚೆಂಡು ಸರಿಯಾದ ಕೈಗೇ ಬೀಳುತ್ತಿತ್ತು. ಯಾವ ತರಕಾರಿಗೆ ಯಾವ ಜಾಗ ಎಂದು ಇಲ್ಲಿ ಬರೆಯುವುದಿಲ್ಲ. ಅದು ತಂಡದ ಗುಟ್ಟು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ.

ಈ ವರ್ಷ ಮಾಂಟ್ ಕಿಯಾರಾದ ದುಬಾರಿ ಅಂತರರಾಷ್ಟ್ರೀಯ ಶಾಲೆಗೆ ಹೊರದೇಶದ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಆಟಗಾರ್ತಿ. ತಂದೆಯ ಕೆಲಸ ಮುಗಿಯುವ ಡಿಸೆಂಬರಿನಲ್ಲಿ ಹೊರಟುಹೋಗುತ್ತಾಳೆಂದು ಅವಳೇ ಎಲ್ಲರಿಗೂ ಹೇಳಿದ್ದಾಳೆ. ತಂಡದ ಪಟ್ಟಿ ಸಲ್ಲಿಸಲು ಎರಡು ದಿನ ಉಳಿದಿದ್ದಾಗ ನೀವು ಚೈತನ್ಯಾಳನ್ನು ಕರೆದು, ಆ ಹುಡುಗಿಗೆ ಹನ್ನೊಂದನ್ನೂ ಕಲಿಸಲು ಹೇಳಿದಿರಿ. ಗಾಯವಾದರೆ ಬದಲಿಗೆ ಒಬ್ಬಳಿರಲಿ ಎಂದಿರಿ. ಚೈತನ್ಯಾ ಎರಡು ಸಂಜೆ ಮೈದಾನದ ಮೂಲೆಯಲ್ಲಿ ನಿಂತು ಪ್ರಾಮಾಣಿಕವಾಗಿ ಕಲಿಸಿದಳು. ಎರಡನೆಯ ಸಂಜೆ ಮನೆಗೆ ಬರುತ್ತಾ ಕಾರಿನಲ್ಲಿ ಫೋನ್ ತೆರೆದಾಗ ತಂಡದ ವಾಟ್ಸಾಪ್ ಗುಂಪಿನಿಂದ ಅವಳ ಹೆಸರು ಹೋಗಿತ್ತು. ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿದಳು: “ಓಕೆ ಲಾ, ಅಮ್ಮಾ. ಶಿ ಗಾಟ್ ಆಲ್ ಇಲೆವೆನ್.”

ಊರಿನ ಮಗು ಹೊರಗಿನವಳಿಗೆ ಕಲಿಸಿ ಜಾಗ ಖಾಲಿ ಮಾಡಬೇಕು ಎಂಬುದು ಐರ್ಲೆಂಡಿನ ಯಾವ ಪ್ರಾಂತ್ಯದ ಪದ್ಧತಿ, ಮಾನ್ಯರೇ? ನಾನು ಫೋನ್ ಮಾಡಿ ಕೇಳಿದಾಗ ನೀವು ಕೊಟ್ಟ ಉತ್ತರ ಅಕ್ಷರಶಃ ನೆನಪಿದೆ. “ಪಾತ್‌ವೇ ಅಂದ್ರೆ ಹಾಗೇ ಮಾರಾಯ್ರೆ, ಕೆಲವರು ಮುಂದೆ ಹೋಗ್ತಾರೆ, ಕೆಲವರು ಬದಿಗೆ ನಿಲ್ತಾರೆ.” ಡಿಸೆಂಬರಿನಲ್ಲಿ ವಿಮಾನ ಹತ್ತುವವಳು ನಿಮ್ಮ ದಾರಿಯಲ್ಲಿ ಎಷ್ಟು ಮುಂದೆ ಹೋಗುತ್ತಾಳೆ? ಸುಬಾಂಗ್ ವಿಮಾನ ನಿಲ್ದಾಣದವರೆಗೋ, ಸೆಪಾಂಗ್ ನಿಲ್ದಾಣದವರೆಗೋ?

ನಾನು ಅನುವಾದಗಳನ್ನು ಓದುವವಳು. ಒಂದೇ ಕಾದಂಬರಿಯ ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಒಬ್ಬರು ನುಂಗಿದ್ದನ್ನು ಇನ್ನೊಬ್ಬರಲ್ಲಿ ಹುಡುಕುವ ಚಟ ನನ್ನದು. ನಿಮ್ಮ ಮೂರನೆಯ ಕಂತು ಅಲ್ಲಿನ ತರಬೇತುದಾರರೊಬ್ಬರ ಭಾಷಣದ ಕನ್ನಡರೂಪವೆಂದು ನೀವೇ ತಿಳಿಸಿದ್ದಿರಿ. ಮೂಲವನ್ನು ತರಿಸಿಕೊಂಡು ಓದಿದೆ. ದುಬಾರಿ ಶುಲ್ಕದ ಶಾಲೆಗಳ ಮಕ್ಕಳಿಗೇ ಬಾಗಿಲು ಬೇಗ ತೆರೆಯುತ್ತದೆ ಎಂದು ಅವರು ನಾಚಿಕೆಯಿಂದ ಒಪ್ಪಿಕೊಂಡ ಮಾತು ನಿಮ್ಮಲ್ಲಿ ಇಲ್ಲ. ಅದನ್ನು ಕನ್ನಡಕ್ಕೆ ತರದೆ ನೇರವಾಗಿ ಮಾಂಟ್ ಕಿಯಾರಾದಲ್ಲಿ ಜಾರಿಗೆ ತಂದಿರಿ. ಇನ್ನೊಂದು ಪ್ಯಾರಾ ಪೂರ್ತಿ ಮಾಯವಾಗಿದೆ. ಆಟಗಾರನನ್ನು ಕೈಬಿಡುವಾಗ ಎದುರು ಕೂರಿಸಿಕೊಂಡು, ಕಣ್ಣು ನೋಡಿ, ಕಾರಣವನ್ನು ಬರೆದು ಕೊಡಬೇಕು ಎನ್ನುವ ಪ್ಯಾರಾ ಅದು. ಮೂಲದಲ್ಲಿ ಆರು ಸಾಲು. ಜಾಗದ ಕೊರತೆಯಿತ್ತೇ?

ನನ್ನ ಬೇಡಿಕೆ ಇಷ್ಟೆ. ಬಿಟ್ಟ ಆರು ಸಾಲುಗಳನ್ನು ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನಲ್ಲೇ ಅಚ್ಚು ಮಾಡಿಸಿ. ಅದಕ್ಕೂ ಮೊದಲು, ಶನಿವಾರದ ಪಂದ್ಯ ಶುರುವಾಗುವುದರೊಳಗೆ, ಚೈತನ್ಯಾಳ ಎದುರು ಕೂತು ಕಾರಣ ಹೇಳಿ, ಬರೆದುಕೊಡಿ, ಸಹಿ ಮಾಡಿ. ಅವಳ ಜಾಗವನ್ನು ಮರಳಿ ಕೇಳುತ್ತಿಲ್ಲ. ಅದು ಅವಳಿಗೆ ಈಗ ಬೇಡ.

ನಿಮಗಿನ್ನೂ ತಿಳಿಯದ ಸಂಗತಿಯೊಂದಿದೆ. ಶನಿವಾರ ನಿಮ್ಮ ಎದುರು ಆಡುವ ಪೆಟಾಲಿಂಗ್ ಜಯಾದ ತಂಡಕ್ಕೆ ಅವಳು ಸೇರಿದ್ದಾಳೆ. ನೀವು ಚೆಂಡು ಎಸೆದಾಗಲೆಲ್ಲ ನಿಮ್ಮ ಸಾಲಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿರುತ್ತಾಳೆ. ಹೊಸ ಗುಪ್ತಪದಗಳನ್ನು ಬೇಕಿದ್ದರೆ ಕನ್ನಡದಲ್ಲೇ ಕಟ್ಟಿಕೊಳ್ಳಿ. ಈ ಪತ್ರಿಕೆ ಗುರುವಾರ ನಿಮ್ಮ ಕೈಸೇರುತ್ತದೆ. ಅವಳಿಗೆ ನೀವು ಕೊಟ್ಟಷ್ಟೇ ಸಮಯವನ್ನು, ಎರಡು ದಿನವನ್ನು, ನಾನು ನಿಮಗೆ ಕೊಡುತ್ತಿದ್ದೇನೆ. ಇದನ್ನು ಸೇಡು ಎನ್ನುವವರು ಎನ್ನಲಿ. ಆ ಪದವನ್ನು ನಾನು ತಿದ್ದಲು ಹೋಗುವುದಿಲ್ಲ.

ಸಂಘದ ಯುಗಾದಿ ಊಟದಲ್ಲಿ, ಅವಳು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವುದನ್ನು ಕಂಡು, ನೀವು ನಗುತ್ತಾ ಕೇಳಿದ್ದಿರಿ: “ಇವಳಿಗೆ ಕನ್ನಡ ಬರುದಿಲ್ಲ ಅಲ್ವಾ?”

ಮಾತಾಡುವುದಿಲ್ಲ, ಅಷ್ಟೆ. ಎಲ್ಲವೂ ಅರ್ಥವಾಗುತ್ತದೆ.

ಇಂತಿ,
ನಿಮ್ಮ ಮೂರು ಕಂತುಗಳನ್ನೂ ಕೊನೆಯ ಸಾಲಿನವರೆಗೆ ಓದಿ ನಂಬಿದ್ದ, ಬಹುಶಃ ಒಬ್ಬಳೇ ಓದುಗಾರ್ತಿ,
ಸುಮತಿ
ಕ್ವಾಲಾಲಂಪುರ